ಮರಳಿ ಬಾರದ ಮುಹೂರ್ತ

ಬೆಳಗಿನ ಜಾವ ನಾಲ್ಕೂವರೆ ಗಂಟೆ. ಬೆಂಗಳೂರಿನ ಬಸವನಗುಡಿಯ ಛತ್ರವೊಂದರ ಹೆಬ್ಬಾಗಿಲಿಗೆ ಕಟ್ಟಿದ ಬಾಳೆಯ ಕಂಬಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ನಾಗಸ್ವರದವರು ಚಾಪೆಯ ಮೇಲೆ ಮುಸುಕೆಳೆದು ಮಲಗಿದ್ದಾರೆ. ಬೀಗರ ಕೊಠಡಿಯಿಂದ ಬಿಸಿನೀರಿನ ಕೂಗು ಇನ್ನೂ ಕೇಳಿಬಂದಿಲ್ಲ. ಈ ಹೊತ್ತಿನಲ್ಲಿ ಎಚ್ಚತ್ತಿರುವವರು ಎರಡೇ ತಂಡದವರು. ಹಿತ್ತಲಿನಲ್ಲಿ ಒಲೆ ಹೊತ್ತಿಸುತ್ತಿರುವ ಅಡಿಗೆಯವರು ಒಂದು ಕಡೆ. ಮಂಟಪದ ಎದುರಿನಲ್ಲಿ ನಿಂತು ದೀಪಗಳನ್ನು ಒಂದೊಂದಾಗಿ ಬೆಳಗಿಸಿ, ಆರಿಸಿ, ಮತ್ತೆ ಬೆಳಗಿಸಿ ನೋಡುತ್ತಿರುವ ಛಾಯಾಗ್ರಾಹಕ ಮತ್ತು ಅವನ ಸಹಾಯಕರು ಇನ್ನೊಂದು ಕಡೆ.

ಸಾರಿಗೆ ಉಪ್ಪು ಕಡಿಮೆಯಾದರೆ ಅಡಿಗೆಯವನು ಮತ್ತೊಂದು ಹಿಡಿ ಹಾಕಬಲ್ಲ. ಮಂತ್ರದಲ್ಲಿ ಒಂದು ಮಾತು ಬಿಟ್ಟುಹೋದರೆ ಪುರೋಹಿತರು ಇನ್ನೊಮ್ಮೆ ಹೇಳಬಲ್ಲರು. ಹಾರ ಹರಿದುಹೋದರೆ ಗಾಂಧಿಬಜಾರಿನ ಹೂವಿನ ಅಂಗಡಿಗಳು ದೂರವೇನಲ್ಲ. ಆದರೆ ವರನು ವಧುವಿನ ಕೊರಳಿಗೆ ಮಾಂಗಲ್ಯವನ್ನು ಕಟ್ಟುವ ಆ ಅರೆನಿಮಿಷ ಕೈತಪ್ಪಿದರೆ, ಅದನ್ನು ಮರಳಿ ಕೊಡುವ ಅಂಗಡಿ ಯಾವ ಬೀದಿಯಲ್ಲಿಯೂ ಇಲ್ಲ. ಇಡೀ ಛತ್ರದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿಲ್ಲದ ಕೆಲಸಗಾರನೆಂದರೆ ಛಾಯಾಗ್ರಾಹಕನೊಬ್ಬನೇ. ಮದುವೆಯ ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಅವನ ಹುಬ್ಬು ಮಾತ್ರ ಗಂಟಿಕ್ಕಿರುವುದೇಕೆಂಬುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಒಂದು ಪಟದಿಂದ ಸಾವಿರಾರು ಪಟಗಳಿಗೆ

ಮದುವೆಗೂ ಫೋಟೋಕ್ಕೂ ಇಂದು ಬಿಡಿಸಲಾರದ ನಂಟು ಬೆಳೆದಿದೆ. ಆದರೆ ಈ ನಂಟು ಅಷ್ಟೇನೂ ಪುರಾತನವಾದುದಲ್ಲ. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ವಿವಾಹ ನಡೆದುದು 1840ರಲ್ಲಿ. ಡಗೇರನ ಫೋಟೋ ವಿಧಾನವು ಪ್ಯಾರಿಸ್ಸಿನಲ್ಲಿ ಪ್ರಕಟವಾಗಿ ಆಗ ಒಂದು ವರ್ಷವಾಗಿದ್ದಿತಷ್ಟೆ. ಸೂರ್ಯ ಮುಳುಗದ ಸಾಮ್ರಾಜ್ಯದ ಒಡತಿಯ ಮದುವೆಯಾದರೂ ಅದರ ಒಂದು ಫೋಟೋ ಕೂಡ ಇಲ್ಲ. ರಾಣಿಯ ಮದುವೆಯ ದಿನದ್ದೆಂದು ಹಲವರು ನಂಬಿರುವ ಚಿತ್ರವನ್ನು ರೋಜರ್ ಫೆಂಟನ್ ತೆಗೆದುದು 1854ರಲ್ಲಿ, ಎಂದರೆ ಮದುವೆಯಾಗಿ 14 ವರ್ಷಗಳ ಮೇಲೆ! ರಾಣಿಗೆ ದೊರಕದ ಭಾಗ್ಯ ಇಂದು ಬೆಂಗಳೂರಿನ ಸಾಮಾನ್ಯ ಗುಮಾಸ್ತೆಯ ಮಗಳಿಗೆ ದೊರಕುತ್ತಿದೆ.

ಭಾರತಕ್ಕೆ ಈ ಕಲೆ ಬೇಗನೆಯೇ ಬಂದಿತು. ಮುಂಬಯಿಯಲ್ಲಿ 1854ರಲ್ಲಿಯೂ, ಮದ್ರಾಸು ಮತ್ತು ಕಲಕತ್ತೆಗಳಲ್ಲಿ 1856ರಲ್ಲಿಯೂ ಫೋಟೋಗ್ರಾಫಿಕ್ ಸೊಸೈಟಿಗಳು ಹುಟ್ಟಿಕೊಂಡವು. ಬೆಂಗಳೂರಿನ ಹೆಸರಾಂತ ಜಿ.ಕೆ. ವೇಲ್ ಸ್ಟುಡಿಯೋ 1910ರಷ್ಟು ಹಳೆಯದು. ಆದರೂ ಬಹುಕಾಲದವರೆಗೆ ಕ್ಯಾಮೆರಾ ಮದುವೆಯ ಮನೆಗೆ ಬರುತ್ತಿದ್ದುದು ಅಪರೂಪ. ಮದುವೆಯಾದವರೇ ಕ್ಯಾಮೆರಾ ಇದ್ದಲ್ಲಿಗೆ ಹೋಗುತ್ತಿದ್ದರು. ಬಣ್ಣದ ಪರದೆ, ಅದರ ಮುಂದೊಂದು ಕೆತ್ತನೆಯ ಕುರ್ಚಿ. ಕುರ್ಚಿಯ ಮೇಲೆ ಜರಿಪೇಟದ ವರ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ವಧು. ಇಬ್ಬರ ಮುಖದಲ್ಲಿಯೂ ನಗೆಯ ಸುಳಿವಿಲ್ಲ. ಫಲಕದ ಮೇಲೆ ಬಿಂಬ ಮೂಡುವವರೆಗೆ ಅಲುಗಾಡದೆ ಇರಬೇಕಾಗಿದ್ದ ಕಾಲದಲ್ಲಿ ನಗುವನ್ನು ಅಷ್ಟು ಹೊತ್ತು ತುಟಿಯ ಮೇಲೆ ನಿಲ್ಲಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ನಮ್ಮ ಅಜ್ಜ ಅಜ್ಜಿಯರು ಗಂಭೀರವಾಗಿ ಕಾಣುವುದಕ್ಕೆ ಅವರ ಸ್ವಭಾವದಷ್ಟೇ ಅಂದಿನ ಯಂತ್ರದ ನಿಧಾನವೂ ಕಾರಣವಾಗಿದ್ದಿರಬೇಕು.

ಮುಂದೆ ಸುರುಳಿಯ ಫಿಲ್ಮು ಬಂದಿತು. ಚೌಕಾಕಾರದ ಚಿತ್ರ ಕೊಡುವ ಕ್ಯಾಮೆರಾಗಳಲ್ಲಿ ಒಂದು ಸುರುಳಿಗೆ 12 ಚಿತ್ರಗಳು. ಸಣ್ಣ ಅಳತೆಯ ಕ್ಯಾಮೆರಾಗಳಲ್ಲಿ 36. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ, ‘ಇಂದು’ ಎಂಬ ಮುದ್ರೆಯ ಕಪ್ಪು ಬಿಳುಪು ಫಿಲ್ಮನ್ನು ತಯಾರಿಸಿ ದೇಶದ ಸ್ಟುಡಿಯೋಗಳಿಗೆ ಒದಗಿಸಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಅಂದಿನ ಮದುವೆಯ ಛಾಯಾಗ್ರಾಹಕನ ಜೇಬಿನಲ್ಲಿದ್ದುದು ಹತ್ತು ಸುರುಳಿಗಳಾದರೆ ಇಡೀ ಮದುವೆಗೆ ಅವನ ಪಾಲಿನ ಚಿತ್ರಗಳು 120, ಒಂದು ಹೆಚ್ಚಿಲ್ಲ. ಧಾರೆಗೆ ಎರಡು, ಮಾಂಗಲ್ಯಕ್ಕೆ ಎರಡು, ಸಪ್ತಪದಿಗೆ ಒಂದು, ಸೋದರಮಾವನಿಗೆ ಒಂದು ಎಂದು ಅವನು ಅಳೆದು ಹಂಚಬೇಕಾಗಿದ್ದಿತು. ಯಾರಾದರೂ ಕಣ್ಣು ಮುಚ್ಚಿದರೆ ಅದು ತಿಳಿಯುತ್ತಿದ್ದುದು ಕತ್ತಲೆಯ ಕೋಣೆಯಲ್ಲಿ, ಮದುವೆ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೆ.

ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ ಯಂತ್ರದ ಮೊದಲ ಮಾದರಿಯನ್ನು ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು 1975ರಲ್ಲಿ ಜೋಡಿಸಿದರು. ಫಿಲ್ಮೇ ಇಲ್ಲದ ಆ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿದ್ದಿತು. ಚಿತ್ರದಲ್ಲಿದ್ದ ಚುಕ್ಕೆಗಳು 10,000 ಮಾತ್ರ. ಇಂದಿನ ಕ್ಯಾಮೆರಾಗಳಲ್ಲಿ ಎರಡು ಕೋಟಿಗೂ ಮೀರಿದ ಚುಕ್ಕೆಗಳಿರುವುದು ಸಾಮಾನ್ಯ. ಹೊಸ ವಿದ್ಯೆಗೆ ಜನ್ಮ ಕೊಟ್ಟ ಕೊಡಾಕ್ ಸಂಸ್ಥೆಯೇ ಅದರ ಪ್ರವಾಹವನ್ನು ತಡೆದುಕೊಳ್ಳಲಾರದೆ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಗಿ ಬಂದುದು ಕಾಲದ ವಿನೋದ. 120 ಚಿತ್ರಗಳಿದ್ದ ಮದುವೆಯಲ್ಲಿ ಈಗ ಮೂರು ನಾಲ್ಕು ಸಾವಿರ ಚಿತ್ರಗಳು ಸೆರೆಯಾಗುತ್ತವೆ. ಹಾಗೆಂದು ಛಾಯಾಗ್ರಾಹಕನ ಹೊಣೆ ಹಗುರವಾಯಿತೆ? ಇಲ್ಲ, ಮುಹೂರ್ತ ಮಾತ್ರ ಮೊದಲಿನಂತೆಯೇ ಒಂದೇ ಸಲ ಬರುತ್ತದೆ.

ಕನ್ನಡಿಯ ಮುಂದೆ

ಐದೂವರೆಯ ಹೊತ್ತಿಗೆ ವಧುವಿನ ಕೊಠಡಿಯಲ್ಲಿ ಸಡಗರ ಆರಂಭವಾಗುತ್ತದೆ. ಮಂಗಳಸ್ನಾನ ಮುಗಿದಿದೆ. ಒಬ್ಬಾಕೆ ಜಡೆಗೆ ಮೊಗ್ಗು ಹೆಣೆಯುತ್ತಿದ್ದಾಳೆ. ಇನ್ನೊಬ್ಬಾಕೆ ಕಾಲಿಗೆ ಅರಿಸಿನ ಹಚ್ಚುತ್ತಿದ್ದಾಳೆ. ಮೂರನೆಯವಳು ಕಳೆದುಹೋದ ಬೈತಲೆಬೊಟ್ಟಿಗಾಗಿ ಪೆಟ್ಟಿಗೆಯನ್ನೆಲ್ಲ ತೆಗೆದು ಹರಡಿದ್ದಾಳೆ. ಈ ಕೊಠಡಿಗೆ ಗಂಡಸು ಛಾಯಾಗ್ರಾಹಕ ಕಾಲಿಡುವುದು ಹಿಂದೆ ಸಾಧ್ಯವಿರಲಿಲ್ಲ. ಆದುದರಿಂದಲೇ ಹಳೆಯ ಆಲ್ಬಮ್ಮುಗಳಲ್ಲಿ ವಧುವಿನ ಅಲಂಕಾರದ ಚಿತ್ರಗಳು ಕಾಣುವುದಿಲ್ಲ. ಕಂಡರೂ ಎಲ್ಲ ಮುಗಿದ ಮೇಲೆ ಕನ್ನಡಿಯ ಮುಂದೆ ಕೂರಿಸಿ ತೆಗೆದ ಒಂದು ಚಿತ್ರ, ಜಡೆ ಕಾಣಲೆಂದು ಬೆನ್ನು ತಿರುಗಿಸಿ ತೆಗೆದ ಇನ್ನೊಂದು. ಈಗ ಹೆಣ್ಣುಮಕ್ಕಳೇ ಕ್ಯಾಮೆರಾ ಹಿಡಿದು ಈ ವೃತ್ತಿಗೆ ಬಂದಿರುವುದರಿಂದ ಮದುವೆಯ ದಿನದ ಒಂದು ಅರ್ಧಭಾಗ, ಇದುವರೆಗೂ ಯಾರ ಕಣ್ಣಿಗೂ ಬೀಳದಿದ್ದ ಭಾಗ, ಬೆಳಕಿಗೆ ಬಂದಂತಾಗಿದೆ.

ಅನುಭವವುಳ್ಳವರು ಈ ಕೊಠಡಿಯಲ್ಲಿ ದೀಪಗಳನ್ನೆಲ್ಲ ಆರಿಸಿ ಕಿಟಕಿಯನ್ನು ತೆರೆಯುತ್ತಾರೆ. ಪೂರ್ವದ ಕಿಟಕಿಯಿಂದ ಹರಿದು ಬರುವ ಬೆಳಗಿನ ಬೆಳಕಿಗಿಂತ ಸೌಮ್ಯವಾದ ಬೆಳಕನ್ನು ಯಾವ ಯಂತ್ರವೂ ಕೊಡಲಾರದು. ಅದು ಕೆನ್ನೆಯ ಒಂದು ಬದಿಯನ್ನು ಬೆಳಗಿಸಿ ಇನ್ನೊಂದನ್ನು ನೆರಳಿನಲ್ಲಿರಿಸುತ್ತದೆ. ಓಲೆಯ ಹರಳಿನ ಮೇಲೆ ಒಂದು ಕಿಡಿಯನ್ನು ಇರಿಸುತ್ತದೆ. ಇಲ್ಲಿ ಚಿತ್ರಕ್ಕೆ ವಸ್ತು ವಧುವೊಬ್ಬಳೇ ಅಲ್ಲ. ಸೆರಗಿಗೆ ಪಿನ್ನು ಹಾಕುತ್ತಿರುವ ತಾಯಿಯ ಕೈಗಳು, ಬಾಗಿಲ ಸಂದಿಯಲ್ಲಿ ಇಣುಕಿ ಮಗಳನ್ನು ನೋಡಿ ಏನೋ ನೆನಪಾದವರಂತೆ ಹಿಂದಿರುಗುವ ತಂದೆ, ಅಕ್ಕನ ಬಳೆಗಳನ್ನು ತಾನೇ ತೊಟ್ಟು ನೋಡುವ ತಂಗಿ. ಇವೆಲ್ಲ ಆ ಕಿಟಕಿಯ ಬೆಳಕಿನಲ್ಲಿ ಕ್ಷಣಕಾಲ ಬಂದುಹೋಗುತ್ತವೆ. “ಇತ್ತ ನೋಡಿ” ಎಂದು ಕೂಗುವ ಛಾಯಾಗ್ರಾಹಕನಿಗೆ ಇವು ದಕ್ಕುವುದಿಲ್ಲ. ಸುಮ್ಮನೆ ಮೂಲೆಯಲ್ಲಿ ನಿಂತು, ತಾನು ಇರುವುದನ್ನೇ ಜನ ಮರೆಯುವಂತೆ ಮಾಡುವವನಿಗೆ ದಕ್ಕುತ್ತವೆ.

ವರನ ಕಡೆಯ ಸಿದ್ಧತೆ ಇಷ್ಟು ದೀರ್ಘವಾದುದಲ್ಲ. ಪಂಚೆ ಉಡಿಸಲು ಇಬ್ಬರು ಚಿಕ್ಕಪ್ಪಂದಿರು, ಪೇಟ ಕಟ್ಟಲು ಒಬ್ಬ ಸೋದರಮಾವ, ತಮಾಷೆ ಮಾಡಲು ಹತ್ತು ಮಂದಿ ಗೆಳೆಯರು. ಬಳಿಕ ಕಾಶೀಯಾತ್ರೆ. ಕೊಡೆ, ಕೋಲು, ಪುಸ್ತಕ ಹಿಡಿದು, ಸಂಸಾರವೇ ಬೇಡವೆಂದು ಹೊರಟ ವರನನ್ನು ವಧುವಿನ ತಂದೆ ತಡೆದು ಕರೆತರುವ ಈ ವಿನೋದದ ಶಾಸ್ತ್ರ ನಡೆಯುವುದು ಸಾಮಾನ್ಯವಾಗಿ ಛತ್ರದ ಅಂಗಳದಲ್ಲಿ, ಬಿಸಿಲೇರುತ್ತಿರುವ ಹೊತ್ತಿನಲ್ಲಿ. ಅಷ್ಟು ಹೊತ್ತು ಒಳಗಿನ ಮಂದ ಬೆಳಕಿಗೆ ಹೊಂದಿಸಿದ್ದ ಕ್ಯಾಮೆರಾವನ್ನು ಬಿಸಿಲಿಗೆ ಹೊಂದಿಸದೆ ಹಾಗೆಯೇ ಓಡಿಬಂದರೆ ಕಾಶೀಯಾತ್ರೆಯ ವರನು ಬರಿಯ ಬಿಳಿಯ ಭೂತವಾಗಿ ಕಾಣುತ್ತಾನೆ. ಹೊಸಬರು ಎಡವುವ ಮೊದಲ ಕಲ್ಲು ಇದು.

ಗಟ್ಟಿಮೇಳ

ಮಂಟಪದಲ್ಲಿ ಅಂತರಪಟ ಹಿಡಿದಿದೆ. ಪರದೆಯ ಆಚೆ ವರ, ಈಚೆ ವಧು. ಇಬ್ಬರ ಕೈಯಲ್ಲಿಯೂ ಜೀರಿಗೆ ಬೆಲ್ಲ. ಪುರೋಹಿತರು ಮಂಗಳಾಷ್ಟಕ ಹೇಳುತ್ತಿದ್ದಾರೆ. ಅದು ಮುಗಿದೊಡನೆ ಪರದೆ ಸರಿಯಬೇಕು. ಪರದೆ ಸರಿದಾಗ ವಧೂವರರು ಒಬ್ಬರನ್ನೊಬ್ಬರು ನೋಡುವ ಮೊದಲ ನೋಟ ಎಲ್ಲರಿಗೂ ಪ್ರಿಯವಾದುದು. ಆದರೆ ಛಾಯಾಗ್ರಾಹಕನ ಪಾಡೇನು? ವಧುವಿನ ಮುಖವನ್ನು ಕಾಣಬೇಕಾದರೆ ವರನ ಹೆಗಲ ಹಿಂದೆ ನಿಲ್ಲಬೇಕು. ವರನ ಮುಖವನ್ನು ಕಾಣಬೇಕಾದರೆ ವಧುವಿನ ಹೆಗಲ ಹಿಂದೆ ನಿಲ್ಲಬೇಕು. ಒಬ್ಬನೇ ಎರಡು ಕಡೆ ನಿಲ್ಲಲಾರನಷ್ಟೆ! ಇಬ್ಬರು ಛಾಯಾಗ್ರಾಹಕರು ಜೊತೆಯಾಗಿ ಕೆಲಸ ಮಾಡುವ ಪದ್ಧತಿ ಬಂದುದಕ್ಕೆ ಇಂಥ ಇಕ್ಕಟ್ಟೂ ಒಂದು ಕಾರಣ.

ಮುಂದೆ ಧಾರೆ. ತೆಂಗಿನಕಾಯಿಯನ್ನು ಹಿಡಿದ ಕೈಗಳ ಮೇಲೆ ಕೈ. ಮೇಲಿನಿಂದ ಇಳಿಯುವ ಹಾಲು ನೀರಿನ ಸಣ್ಣ ಧಾರೆ. ಇದನ್ನು ನಿಧಾನವಾದ ವೇಗದಲ್ಲಿ ತೆಗೆದರೆ ನೀರು ಬೆಳ್ಳಿಯ ಎಳೆಯಂತೆ ಮೂಡುತ್ತದೆ. ಸೆಕೆಂಡಿನ ಐದುನೂರರಲ್ಲೊಂದು ಭಾಗದ ವೇಗದಲ್ಲಿ ತೆಗೆದರೆ ಒಂದೊಂದು ಹನಿಯೂ ಮುತ್ತಿನಂತೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಯಾವುದು ಚೆನ್ನ ಎಂಬುದು ರುಚಿಯ ಮಾತು. ಆದರೆ ಮಗಳನ್ನು ಧಾರೆಯೆರೆಯುತ್ತಿರುವ ತಂದೆಯ ಕಣ್ಣು ಆಗ ನೀರಿನ ಮೇಲಿದೆಯೋ, ಮಗಳ ಮೇಲಿದೆಯೋ ಎಂಬುದನ್ನು ಗಮನಿಸದವನು ಯಾವ ವೇಗದಲ್ಲಿ ತೆಗೆದರೂ ಅಷ್ಟೆ.

ಇಲ್ಲಿ ಯಂತ್ರವೂ ಮೋಸ ಮಾಡುವುದುಂಟು. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನು ಅಳೆಯುವಾಗ ಎದುರಿಗಿರುವುದೆಲ್ಲ ನಡುಬಣ್ಣದ್ದೆಂದು ಭಾವಿಸಿಕೊಳ್ಳುತ್ತದೆ. ಬಿಳಿಯ ಪಂಚೆ, ಬಿಳಿಯ ಧಾರೆಸೀರೆ, ಬಿಳಿಯ ಮಲ್ಲಿಗೆ ಇವಿಷ್ಟೇ ತುಂಬಿರುವಾಗ ಬೆಳಕು ವಿಪರೀತವಾಯಿತೆಂದು ಹೆದರಿ ಅದನ್ನು ತಗ್ಗಿಸಿಬಿಡುತ್ತದೆ. ಪರಿಣಾಮವಾಗಿ ಸೀರೆ ಮಾಸಲಾಗಿ, ಮುಖಗಳು ಕತ್ತಲಾಗಿ ಮೂಡುತ್ತವೆ. ಬಲ್ಲವನು ಯಂತ್ರದ ಮಾತನ್ನು ಮೀರಿ ಒಂದಿಷ್ಟು ಬೆಳಕನ್ನು ಹೆಚ್ಚಾಗಿ ಕೊಡುತ್ತಾನೆ. ಹೋಮದ ಹೊಗೆಯದು ಇನ್ನೊಂದು ತೊಡಕು. ಹೊಗೆಯೆದುರು ನೇರವಾಗಿ ಫ್ಲ್ಯಾಷ್ ಬೆಳಗಿಸಿದರೆ ಹೊಗೆಯೇ ಬಿಳಿಯ ಗೋಡೆಯಾಗಿ ನಿಂತು ವಧೂವರರನ್ನು ಮರೆಮಾಡುತ್ತದೆ. ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಅದೇ ಹೊಗೆ ಚಿತ್ರಕ್ಕೆ ಸೊಬಗನ್ನು ತರುತ್ತದೆ.

ಇನ್ನು ಮಾಂಗಲ್ಯಧಾರಣೆ. “ಗಟ್ಟಿಮೇಳ! ಗಟ್ಟಿಮೇಳ!” ಎಂದು ಪುರೋಹಿತರು ಕೈಯೆತ್ತಿದೊಡನೆ ಡೋಲು ನಾಗಸ್ವರಗಳು ಒಮ್ಮೆಲೇ ಮೊರೆಯುತ್ತವೆ. ಇದು ನೆಂಟರಿಗೆ ಅಕ್ಷತೆ ಹಾಕುವ ಸೂಚನೆ. ಛಾಯಾಗ್ರಾಹಕನಿಗೆ ಉಸಿರು ಬಿಗಿಹಿಡಿಯುವ ಸೂಚನೆ. ಅದೇ ಕ್ಷಣದಲ್ಲಿ ಮುಂದಿನ ಸಾಲಿನವರೆಲ್ಲ ಏಳುತ್ತಾರೆ. ಇಪ್ಪತ್ತು ಮೊಬೈಲ್ ಫೋನುಗಳು ಇಪ್ಪತ್ತು ಕೈಗಳ ತುದಿಯಲ್ಲಿ ಮೇಲೇರುತ್ತವೆ. ವರನ ಕೈ ವಧುವಿನ ಕತ್ತಿನ ಹಿಂದೆ ಮರೆಯಾಗುತ್ತದೆ. ಗಂಟು ಹಾಕಲು ನೆರವಾಗುವ ನಾದಿನಿಯ ತಲೆ ಅಡ್ಡ ಬರುತ್ತದೆ. ಸಂಭ್ರಮದಿಂದ ಎರಚಿದ ಅಕ್ಷತೆ ನೇರವಾಗಿ ಲೆನ್ಸಿನ ಮೇಲೆಯೇ ಬೀಳುತ್ತದೆ. ಒಂದು, ಎರಡು, ಮೂರು ಗಂಟುಗಳು, ಮುಗಿಯಿತು. ನೆರೆದವರೆಲ್ಲರ ಫೋನುಗಳಲ್ಲಿಯೂ ಮುಹೂರ್ತದ ಚಿತ್ರ ಬಂದಿದೆ. ಆದರೆ ಅದರಲ್ಲಿ ಕಾಣುವುದು ಬಹುಮಟ್ಟಿಗೆ ಇತರರ ಫೋನುಗಳು!

ಇಂಥ ಗಳಿಗೆಯಲ್ಲಿ “ಇನ್ನೊಮ್ಮೆ ಕಟ್ಟಿ, ಹೀಗೆ ಹಿಡಿದುಕೊಳ್ಳಿ” ಎಂದು ವರನಿಗೆ ಆಜ್ಞಾಪಿಸುವ ಛಾಯಾಗ್ರಾಹಕರೂ ಉಂಟು. ಪುರೋಹಿತರು ಕೋಪಗೊಳ್ಳುವುದು ಸಹಜವೇ. ಅಗ್ನಿಸಾಕ್ಷಿಯಾಗಿ ಮದುವೆ ನಡೆಯುತ್ತಿದೆಯೋ, ಕ್ಯಾಮೆರಾ ಸಾಕ್ಷಿಯಾಗಿಯೋ ಎಂದು ಅವರು ಗದರಿದರೆ ತಪ್ಪೆನ್ನಲಾಗದು. ಆದರೆ ಮಂಟಪದಲ್ಲಿ ಯಾವ ಕಡೆ ಯಾರು ಕುಳಿತುಕೊಳ್ಳುವರು, ಯಾವ ಶಾಸ್ತ್ರದ ಬಳಿಕ ಯಾವುದು ಎಂಬುದನ್ನು ಹಿಂದಿನ ದಿನವೇ ಪುರೋಹಿತರಲ್ಲಿ ವಿನಯದಿಂದ ಕೇಳಿ ತಿಳಿದುಕೊಂಡ ಛಾಯಾಗ್ರಾಹಕನಿಗೆ ಆಜ್ಞಾಪಿಸುವ ಪ್ರಸಂಗವೇ ಒದಗುವುದಿಲ್ಲ. ಇಂಥವನಿಗೆ ಪುರೋಹಿತರೇ ಒಂದಿಷ್ಟು ಸರಿದು ದಾರಿ ಮಾಡಿಕೊಡುವುದನ್ನು ಎಷ್ಟೋ ಮದುವೆಗಳಲ್ಲಿ ಕಾಣಬಹುದು.

ನಗರದಲ್ಲಿ ಈ ವೃತ್ತಿ ಹಿಡಿದವನಿಗೆ ಒಂದೇ ಬಗೆಯ ಮದುವೆಯ ಪರಿಚಯವಿದ್ದರೆ ಸಾಲದು. ಲಿಂಗಾಯತರ ಮದುವೆಯಲ್ಲಿ ಜಂಗಮ ಗುರುಗಳ ಸನ್ನಿಧಿ ಮುಖ್ಯ. ಕೊಡವರ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ದಿಂಡು ಕಡಿಯುವ ವೀರಸಂಪ್ರದಾಯವುಂಟು. ಕತ್ತಿ ಬೀಸುವ ಹೊತ್ತಿಗೆ ಎಲ್ಲಿ ನಿಲ್ಲಬಾರದೆಂಬುದು ಛಾಯಾಗ್ರಾಹಕನಿಗೆ ಗೊತ್ತಿರಬೇಕು. ಮುಸಲ್ಮಾನರ ನಿಕಾಹದಲ್ಲಿ ಒಪ್ಪಿಗೆಯ ಮಾತು, ಕ್ರೈಸ್ತರ ಇಗರ್ಜಿಯಲ್ಲಿ ಉಂಗುರದ ವಿನಿಮಯ, ಕುವೆಂಪು ಅವರು ಆರಂಭಿಸಿದ ಮಂತ್ರಮಾಂಗಲ್ಯದಲ್ಲಿ ವಧೂವರರು ಸ್ವೀಕರಿಸುವ ಪ್ರತಿಜ್ಞೆ. ಪ್ರತಿಯೊಂದಕ್ಕೂ ಅದರದೇ ಆದ ಒಂದು ಗಳಿಗೆಯಿದೆ. ಆ ಗಳಿಗೆ ಯಾವುದೆಂದು ತಿಳಿಯದವನ ಕೈಯಲ್ಲಿ ಎಷ್ಟು ಬೆಲೆಯ ಕ್ಯಾಮೆರಾ ಇದ್ದರೂ ಅದು ಬರಿಯ ಪೆಟ್ಟಿಗೆಯೇ.

ಗುಂಪಿನ ಪಟದ ಹಿಂದಿನ ಸಾಲು

ಊಟದ ಪಂಕ್ತಿ ಸಿದ್ಧವಾಗುತ್ತಿರುವಾಗ ಗುಂಪಿನ ಚಿತ್ರಗಳ ಗದ್ದಲ ಆರಂಭ. ತರುಣ ಛಾಯಾಗ್ರಾಹಕರಿಗೆ ಈ ಕೆಲಸವೆಂದರೆ ಅಷ್ಟಕ್ಕಷ್ಟೆ. ಸಾಲಾಗಿ ನಿಂತವರನ್ನು ಸಾಲಾಗಿ ತೆಗೆಯುವುದರಲ್ಲಿ ಯಾವ ಕಲೆಯಿದೆ ಎಂದು ಅವರು ಮೂಗು ಮುರಿಯುತ್ತಾರೆ. ಅಜ್ಜಿಯನ್ನು ಕರೆತರಲು ಒಬ್ಬರು ಓಡುತ್ತಾರೆ. ಅವರು ಬರುವಷ್ಟರಲ್ಲಿ ದೊಡ್ಡಪ್ಪ ಕಾಫಿಗೆ ಹೋಗಿರುತ್ತಾರೆ. ದೊಡ್ಡಪ್ಪ ಬಂದಾಗ ಮಗುವೊಂದು ಅಳುತ್ತದೆ.

ಆದರೆ ಮದುವೆಯ ಎಲ್ಲ ಚಿತ್ರಗಳ ಪೈಕಿ ಅತ್ಯಂತ ದೀರ್ಘಕಾಲ ಬಾಳುವುದು ಈ ಗುಂಪಿನ ಚಿತ್ರವೇ. ಮಧ್ಯಮವರ್ಗದ ಮನೆಗಳಲ್ಲಿ ವಯಸ್ಸಾದವರು ತಮಗಾಗಿಯೇ ಫೋಟೋ ತೆಗೆಸಿಕೊಳ್ಳುವುದು ಅಪರೂಪ. ‘ಈಗ ನನಗೇಕೆ’ ಎಂಬುದು ಅವರ ಮಾಮೂಲು ಮಾತು. ಒಳ್ಳೆಯ ಸೀರೆ ಉಟ್ಟು, ಹಣೆತುಂಬ ಕುಂಕುಮವಿಟ್ಟು, ಕನ್ನಡಕ ಒರೆಸಿಕೊಂಡು ಕ್ಯಾಮೆರಾದ ಮುಂದೆ ಅವರು ನಿಲ್ಲುವುದು ಮೊಮ್ಮಕ್ಕಳ ಮದುವೆಯಲ್ಲಿ ಮಾತ್ರ. ಮುಂದೆ ಎಂದಾದರೊಂದು ದಿನ ಆ ಮನೆಯವರು ಅದೇ ಸ್ಟುಡಿಯೋಗೆ ಬರುತ್ತಾರೆ. ಮದುವೆಯ ಗುಂಪಿನ ಚಿತ್ರದಲ್ಲಿ ಎರಡನೆಯ ಸಾಲಿನಲ್ಲಿರುವ ಒಂದು ಮುಖವನ್ನು ತೋರಿಸಿ, “ಇವರದನ್ನು ಮಾತ್ರ ಬಿಡಿಸಿ ದೊಡ್ಡದು ಮಾಡಿಕೊಡಿ” ಎಂದು ಕೇಳುತ್ತಾರೆ. ಯಾತಕ್ಕೆಂದು ಛಾಯಾಗ್ರಾಹಕ ಕೇಳುವುದಿಲ್ಲ. ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಎಷ್ಟೋ ಪಟಗಳ ಅಂಚಿನಲ್ಲಿ, ಪಕ್ಕದಲ್ಲಿ ನಿಂತಿದ್ದವರ ರೇಷ್ಮೆ ಸೀರೆಯ ಒಂದು ಚೂರು ಇನ್ನೂ ಕಾಣುತ್ತಿರುತ್ತದೆ.

ಈ ಮಾತಿನ ಆಳ ಅರ್ಥವಾದುದು 2020 ಮತ್ತು 2021ರಲ್ಲಿ. ಕೊರೋನಾ ಸಾಂಕ್ರಾಮಿಕದಿಂದಾಗಿ 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಚೈತ್ರದಿಂದ ಜ್ಯೇಷ್ಠದವರೆಗಿನ ಮದುವೆಯ ಋತು ಛತ್ರಗಳ ಬೀಗದೊಳಗೆ ಕಳೆಯಿತು. ಬಳಿಕ 50 ಮಂದಿಗೆ ಮೀರದಂತೆ ಮದುವೆ ನಡೆಸಲು ಅನುಮತಿ ದೊರೆಯಿತಾದರೂ ಛಾಯಾಗ್ರಾಹಕರ ಗಳಿಕೆ ನೆಲಕಚ್ಚಿದ್ದಿತು. ದೂರದ ನೆಂಟರು ಮುಹೂರ್ತವನ್ನು ಫೋನಿನ ಪರದೆಯ ಮೇಲೆ ಕಂಡು ಅಲ್ಲಿಂದಲೇ ಅಕ್ಷತೆ ಹಾಕಿದರು. ಆ ಎರಡು ವರ್ಷಗಳಲ್ಲಿ ಎಷ್ಟೋ ಮನೆಗಳ ಹಿರಿಯರು ಇದ್ದಕ್ಕಿದ್ದಂತೆ ಇಲ್ಲವಾದರು. ಕಡೆಯ ಬಾರಿ ಮುಖ ನೋಡುವ ಅವಕಾಶವೂ ಹಲವರಿಗೆ ದೊರೆಯಲಿಲ್ಲ. ಆಗ ಮನೆಯವರು ಮೊದಲು ತೆರೆದು ನೋಡಿದುದು ಹಿಂದಿನ ಮದುವೆಗಳ ಆಲ್ಬಮ್ಮುಗಳನ್ನೇ. ಗುಂಪಿನ ಚಿತ್ರಕ್ಕೆ ಅಜ್ಜಿ ಬರಲೆಂದು ಐದು ನಿಮಿಷ ಕಾದ ಛಾಯಾಗ್ರಾಹಕನ ತಾಳ್ಮೆಯ ಬೆಲೆ ಏನೆಂಬುದು ಅಂದು ತಿಳಿದುಬಂದಿತು.

ಆರತಕ್ಷತೆಯ ಸಾಲು

ಬೆಂಗಳೂರಿನ ಎಷ್ಟೋ ಮದುವೆಗಳಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆದುಹೋಗುತ್ತದೆ. ವಾಹನಗಳ ಸಂದಣಿಯನ್ನು ದಾಟಿ ಬರಬೇಕಾದ ಕಚೇರಿಯ ಜನಕ್ಕೆ ಸಂಜೆಯೇ ಅನುಕೂಲ. ಮುಹೂರ್ತದ ದಿನವೇ ಸಂಜೆ ನಡೆಯುವಲ್ಲಿ ವಧೂವರರ ಸ್ಥಿತಿ ಕನಿಕರ ಹುಟ್ಟಿಸುವಂಥದು. ಬೆಳಗಿನ ನಾಲ್ಕಕ್ಕೆ ಎದ್ದವರು, ಹೊಗೆ ಕುಡಿದವರು, ಊಟ ಸೇರದವರು, ಏಳು ಗಂಟೆಗೆ ಮತ್ತೆ ಹೊಸ ಉಡುಪು ಧರಿಸಿ ಸಿಂಹಾಸನದಂಥ ಸೋಫಾದ ಮುಂದೆ ನಿಲ್ಲಬೇಕು.

ಒಂದು ಸಣ್ಣ ಲೆಕ್ಕ ನೋಡಬಹುದು. ವೇದಿಕೆಗೆ ಬರುವ ಸಂಸಾರಗಳು 200 ಎಂದಿಟ್ಟುಕೊಂಡರೆ, ಒಂದೊಂದಕ್ಕೆ ಅರ್ಧ ನಿಮಿಷವೆಂದರೂ ನೂರು ನಿಮಿಷಗಳಾದವು. ಅಷ್ಟು ಹೊತ್ತೂ ಒಂದೇ ನಗೆ! ಹಸ್ತಲಾಘವ, ಲಕೋಟೆ, ಪರಿಚಯ, ಫೋಟೋ, ಮುಂದಿನವರು. ವರನ ಕಚೇರಿಯವರನ್ನು ವಧು ಅರಿಯಳು. ವಧುವಿನ ಕಾಲೇಜಿನವರನ್ನು ವರ ಅರಿಯ. ಇಬ್ಬರೂ ನಗುತ್ತಾರೆ. ಬಣ್ಣ ಬದಲಾಯಿಸುತ್ತಲೇ ಇರುವ ವಿದ್ಯುತ್ ಪರದೆ ಹಿನ್ನೆಲೆಯಲ್ಲಿದ್ದರೆ ಮುಖಗಳು ಒಮ್ಮೆ ನೇರಳೆ, ಒಮ್ಮೆ ಹಸಿರು. ಅನುಭವಿಯಾದ ಛಾಯಾಗ್ರಾಹಕ ಮೊದಲು ಮಾಡುವ ಕೆಲಸವೆಂದರೆ ಆ ಪರದೆಯನ್ನು ಒಂದೇ ಬಣ್ಣದಲ್ಲಿ ನಿಲ್ಲಿಸಲು ಮಂಟಪದವರನ್ನು ಬೇಡಿಕೊಳ್ಳುವುದು. ಎರಡನೆಯದು, ನಡುನಡುವೆ ಸಾಲನ್ನು ತಡೆದು ವಧೂವರರಿಗೆ ಒಂದು ಲೋಟ ನೀರು ಕುಡಿಯಲು ಅವಕಾಶ ಕೊಡುವುದು. ಕ್ಯಾಮೆರಾದಲ್ಲಿ ಏನೋ ಸರಿಪಡಿಸುವವನಂತೆ ನಟಿಸಿ ಅವನು ಒದಗಿಸುವ ಈ ವಿರಾಮವನ್ನು ಸಾಲಿನಲ್ಲಿರುವವರಾರೂ ಗುರುತಿಸುವುದಿಲ್ಲ, ವಧು ಗುರುತಿಸುತ್ತಾಳೆ.

ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್ ಯಂತ್ರವೂ ಈಗ ಮದುವೆಗೆ ಆಹ್ವಾನಿತ. 2021ರ ಡ್ರೋನ್ ನಿಯಮಗಳ ಪ್ರಕಾರ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ವಿಮಾನ ನಿಲ್ದಾಣಗಳ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮನೆಯವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಬಣ್ಣದ ತಿದ್ದುಪಡಿ

ರಾತ್ರಿ ಹನ್ನೊಂದಕ್ಕೆ ಛತ್ರ ಖಾಲಿಯಾದ ಮೇಲೆಯೂ ಛಾಯಾಗ್ರಾಹಕನ ದಿನ ಮುಗಿಯುವುದಿಲ್ಲ. ಮೂರು ಸಾವಿರ ಚಿತ್ರಗಳು ಉಗುರಿನಗಲದ ಕಾರ್ಡುಗಳಲ್ಲಿವೆ. ಅವು ಕಳೆದುಹೋದರೆ ಮದುವೆಯೇ ಕಳೆದುಹೋದಂತೆ. ಆದುದರಿಂದ ಎಚ್ಚರವುಳ್ಳವರು ಏಕಕಾಲದಲ್ಲಿ ಎರಡು ಕಾರ್ಡುಗಳಲ್ಲಿ ದಾಖಲಿಸುವ ಕ್ಯಾಮೆರಾಗಳನ್ನೇ ಬಳಸುತ್ತಾರೆ; ಮಲಗುವ ಮೊದಲು ಎಲ್ಲವನ್ನೂ ಬೇರೆ ಬೇರೆ ಎರಡು ಕಡೆ ನಕಲು ಮಾಡಿ, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ಅಂಗಡಿಯಲ್ಲಿಯೂ ಇರಿಸುತ್ತಾರೆ.

ಮುಂದಿನದು ಆರಿಸುವ ಮತ್ತು ತಿದ್ದುವ ಕೆಲಸ. ತಿದ್ದುವುದು ಹೊಸ ವಿದ್ಯೆಯೇನಲ್ಲ. ಕಪ್ಪು ಬಿಳುಪಿನ ಕಾಲದಲ್ಲಿಯೂ ನೆಗೆಟಿವಿನ ಮೇಲೆ ಸಣ್ಣ ಮೊನೆಯ ಪೆನ್ಸಿಲಿನಿಂದ ಸುಕ್ಕುಗಳನ್ನು ಮರೆಸುವ ಕುಶಲಿಗಳಿದ್ದರು. ಆದರೆ ಇಂದು ಒಂದು ಗುಂಡಿಯನ್ನೊತ್ತಿದರೆ ಮುಖವೇ ಬೇರೆಯಾಗುತ್ತದೆ. “ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ” ಎಂಬ ಬೇಡಿಕೆ ಮನೆಯವರಿಂದಲೇ ಬರುವುದುಂಟು. ಎಣ್ಣೆಗೆಂಪಿನ ಹುಡುಗಿ ಆಲ್ಬಮ್ಮಿನಲ್ಲಿ ಸುಣ್ಣದ ಬೊಂಬೆಯಾಗುತ್ತಾಳೆ. ಪಕ್ಕದಲ್ಲಿ ನಿಂತ ಅವಳ ತಾಯಿಯ ಬಣ್ಣ ಮಾತ್ರ ಇದ್ದಂತೆಯೇ ಇರುತ್ತದೆ! ತಾನು ಹೀಗಿರಲಿಲ್ಲವೆಂಬುದು ಆಕೆಗೆ ಗೊತ್ತು. ತನ್ನ ನಿಜವಾದ ಬಣ್ಣ ತನ್ನ ಮದುವೆಯ ಚಿತ್ರಕ್ಕೆ ಸಾಲದಾಯಿತೆಂಬುದೂ ಆಕೆಗೆ ಗೊತ್ತು. ಆ ನೋವನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ಇದ್ದ ಬಣ್ಣವನ್ನು ಇದ್ದಂತೆ ತೋರಿಸುವುದೇ ಒಳ್ಳೆಯ ಬೆಳಕಿನ ಲಕ್ಷಣವೆಂದು ತಿಳಿದು, ಇಂಥ ಬೇಡಿಕೆಯನ್ನು ನಯವಾಗಿ ನಿರಾಕರಿಸುವ ಛಾಯಾಗ್ರಾಹಕರು ಈಗ ಕಾಣಿಸಿಕೊಳ್ಳುತ್ತಿರುವುದು ಸಮಾಧಾನದ ಸಂಗತಿ.

ಪಟದ ಬೆನ್ನಿನ ಮೇಲೆ

ಕಡೆಯದಾಗಿ ಆಲ್ಬಮ್ಮು ಮನೆಗೆ ಬರುತ್ತದೆ. ಮೊದಲ ತಿಂಗಳು ಬಂದವರಿಗೆಲ್ಲ ಅದರ ಸಮಾರಾಧನೆ. ಅನಂತರ ಬೀರುವಿನ ಮೇಲಟ್ಟಕ್ಕೆ ಪ್ರಯಾಣ. ವಿಚಿತ್ರವೆಂದರೆ, 1950ರ ದಶಕದ ಕಪ್ಪು ಬಿಳುಪಿನ ಪಟಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಸ್ಪಷ್ಟವಾಗಿವೆ. 1980ರ ದಶಕದ ಬಣ್ಣದ ಪಟಗಳು ಬಣ್ಣಗೆಟ್ಟು ಕೆಂಪಡರಿವೆ. ಬೆಳ್ಳಿಯ ಕಣಗಳಿಂದಾದ ಬಿಂಬಕ್ಕಿರುವ ಬಾಳಿಕೆ ಬಣ್ಣದ ರಂಜಕಗಳಿಗಿಲ್ಲ. ಅನಂತರದ ವೀಡಿಯೋ ಕ್ಯಾಸೆಟ್ಟುಗಳು ಇವೆಯಾದರೂ ಅವನ್ನು ಓಡಿಸುವ ಯಂತ್ರವೇ ಮನೆಯಲ್ಲಿಲ್ಲ. ಇಂದಿನ ಸಾವಿರಾರು ಚಿತ್ರಗಳೂ ಹಾಗೆಯೇ ಕೈಬಿಟ್ಟು ಹೋಗಬಾರದೆಂದಿದ್ದರೆ, ಅವುಗಳಲ್ಲಿ ಐವತ್ತನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಇರಿಸಿಕೊಳ್ಳುವುದು ಜಾಣತನ.

ಅದಕ್ಕಿಂತಲೂ ಮುಖ್ಯವಾದ, ಒಂದು ಪೈಸೆಯ ಖರ್ಚೂ ಇಲ್ಲದ ಕೆಲಸವೊಂದುಂಟು. ಹಳೆಯ ಗುಂಪಿನ ಪಟವನ್ನು ಕೆಳಗಿಳಿಸಿ ನೋಡಿದರೆ ಮೂರನೆಯ ಸಾಲಿನ ಎಡಬದಿಯಲ್ಲಿ ನಿಂತಿರುವ ಕೋಟಿನ ಯುವಕ ಯಾರೆಂಬುದು ಯಾರಿಗೂ ತಿಳಿದಿರುವುದಿಲ್ಲ. ಅಜ್ಜಿಗೆ ಗೊತ್ತಿದ್ದಿತು, ಕೇಳುವವರಿರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಲ್ಬಮ್ಮನ್ನು ಮನೆಯ ಹಿರಿಯರ ಮುಂದೆ ಬಿಡಿಸಿಟ್ಟು, ಒಬ್ಬೊಬ್ಬರ ಹೆಸರನ್ನೂ ಕೇಳಿ, ಪಟದ ಬೆನ್ನಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ನಂಟು, ಇಸವಿ ಬರೆದಿಡಬೇಕು. ಛಾಯಾಗ್ರಾಹಕ ಮುಖವನ್ನು ಉಳಿಸಿಕೊಡಬಲ್ಲ. ಹೆಸರನ್ನು ಉಳಿಸುವ ಕೆಲಸ ಮನೆಯವರದು.

ಬರೆಯುವಾಗ ಇನ್ನೊಂದು ಹೆಸರಿಗೂ ಒಂದಿಷ್ಟು ಸ್ಥಳವಿರಲಿ. ಬೆಳಗಿನ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ಛತ್ರದಲ್ಲಿದ್ದು, ಕಡೆಯ ಪಂಕ್ತಿಯಲ್ಲಿ ಆತುರಾತುರವಾಗಿ ಉಂಡು, ಎಲ್ಲರ ಚಿತ್ರವನ್ನೂ ತೆಗೆದವನೊಬ್ಬನಿದ್ದ. ಆ ಮೂರು ಸಾವಿರ ಚಿತ್ರಗಳಲ್ಲಿ ಒಂದರಲ್ಲಿಯೂ ಅವನಿಲ್ಲ.